ಎರಡು ಗಾಲಿಯ ದಾರಿ ಒಂದೇ ಅಲ್ಲ

ಒಂದು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಬೋರ್ಡೋ ಹೊಡೆದಾಯ್ತಾ, ಗದ್ದೆ ನೆಟ್ಟಿ ಮುಗೀತಾ ಅಂತ ಕೆಲವರು ಕೇಳಿದ್ರಿ. ಎರಡೂ ಆಗಿದೆ, ತಡವಾಗಿ ಆಗಿದೆ. ತಡಕ್ಕೆ ಕಾರಣ ನಮ್ಮ ಜೀಪು. ಇವತ್ತಿನ ಟಿಪ್ಪಣಿ ಅದರದ್ದೇ. ಸ್ವಲ್ಪ ಉದ್ದ ಇದೆ, ಮಳೆ ದಿನ, ಕೂತು ಓದಿ.

ಪೇಟೆಯಿಂದ ಮೈಲುತುತ್ತ, ಸುಣ್ಣ, ಎರಡು ಚೀಲ ಗೊಬ್ಬರ ಹೇರಿಕೊಂಡು ಮನೆಗೆ ಬರ್ತಾ ಇದ್ದೆ. ಹಿಂದೆ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಇಬ್ಬರು ಕೂತಿದ್ರು. ಮನೆ ಹತ್ತಿರದ ಏರಿನಲ್ಲಿ ಅರ್ಧ ಹತ್ತಿದ್ದೆ. ಹಿಂದಿನಿಂದ 'ಕಟಾರ್' ಅಂತ ಒಂದು ಶಬ್ದ. ಇಂಜಿನ್ ಓಡ್ತಾ ಇದೆ, ಗೇರು ಬಿದ್ದಿದೆ, ಜೀಪು ಮಾತ್ರ ಹಿಂದಕ್ಕೆ ಜಾರೋಕೆ ಶುರು. ಬ್ರೇಕ್ ತುಳಿದೆ, ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದು ಕಾಲು ಸಡಿಲ ಬಿಟ್ಟೆ, ಮತ್ತೆ ಜಾರಿತು.

ಹಳೇ ಜೀಪು ಓಡಿಸುವವರು ಇದನ್ನು ತಿಳಿದಿರಬೇಕು. ಇದರ ಹ್ಯಾಂಡ್‌ಬ್ರೇಕ್ ಗಾಲಿಯಲ್ಲಿಲ್ಲ, ಗೇರ್ ಬಾಕ್ಸಿನ ಹಿಂದೆ ಶಾಫ್ಟಿನ ಮೇಲಿದೆ. ಶಾಫ್ಟಿನಿಂದ ಗಾಲಿಗೆ ಹೋಗುವ ದಾರಿಯಲ್ಲಿ ಹಲ್ಲು ಮುರಿದರೆ ಆ ಬ್ರೇಕು ಇದ್ದೂ ಇಲ್ಲ. ನಮ್ಮ ಜೀಪಿನ ಮುಂದಿನ ಶಾಫ್ಟನ್ನು ಡೀಸೆಲ್ ಉಳೀಲಿ ಅಂತ ಎಂದೋ ಬಿಚ್ಚಿಟ್ಟಿದ್ದೆ. ಹಾಗಾಗಿ ಮುಂದಿನ ಗಾಲಿಯೂ ಹಿಡಿಯಲಿಲ್ಲ. ಆ ಹೆಂಗಸರು ಹಾರಿ ಇಳಿದು ಗಾಲಿಗೆ ಕಲ್ಲು ಕೊಡುವ ತನಕ ಬ್ರೇಕಿನ ಮೇಲಿದ್ದ ನನ್ನ ಕಾಲು ನಡುಗುತ್ತಿತ್ತು. ಎಡಕ್ಕೆ ಹದಿನೈದು ಅಡಿ ಕೆಳಗೆ ಹಳ್ಳ. ಯಾರಿಗೂ ಏನೂ ಆಗಲಿಲ್ಲ. ಆದರೆ ಆವತ್ತು ರಾತ್ರಿ ಊಟ ಸೇರಲಿಲ್ಲ.

ಗ್ಯಾರೇಜಿನವರು ನೋಡಿ, "ಡಿಫ್ರೆನ್ಸ್ ಹೋಗಿದೆ, ಇದಕ್ಕೆಲ್ಲ ಕೈ ಹಾಕೋರು ಈಗ ಯಾರೂ ಇಲ್ಲ, ಗುಜರಿಯಿಂದ ಹೌಸಿಂಗ್ ಸಮೇತ ತಂದು ಕೂರಿಸಿ" ಅಂದರು. ಅವರು ಹೇಳಿದ ರೇಟಿಗೆ ಅರ್ಧ ಜೀಪು ಬರುತ್ತೆ. ಕೊನೆಗೆ ನಮ್ಮ ಕಡೆ ನಲವತ್ತು ವರ್ಷ ಜೀಪು ರಿಪೇರಿ ಮಾಡಿದ ಒಬ್ಬರು ಹಳೇ ಮೇಸ್ತ್ರಿ ಹತ್ತಿರ ಹೋದೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಸರಿ ಕಾಣೋದಿಲ್ಲ ಅವರಿಗೆ. "ನಾನು ಬರ್ತೇನೆ, ಕುರ್ಚಿ ಹಾಕು. ಕೈ ನಿಂದು, ಕಿವಿ ನಂದು" ಅಂದರು. ಹೆಸರು ಹಾಕೋದು ಬೇಡ ಅಂದಿದ್ದಾರೆ, ಹಾಕಿಲ್ಲ. ಡಿಪ್ಲೊಮಾ ಓದುವ ನನ್ನ ತಮ್ಮನ ಮಗ ರಜೆಗೆ ಬಂದಿದ್ದ, ಅವನೂ ಸೇರಿಕೊಂಡ. ಕೊಟ್ಟಿಗೆ ಪಕ್ಕದ ಮಾಡಿನಡಿ, ಹಲಸಿನ ದಿಮ್ಮಿ ಮೇಲೆ ಜೀಪಿನ ಹಿಂಭಾಗ ಕೂರಿಸಿದೆವು.

ಬಿಚ್ಚುವಾಗ ಹುಡುಗ ಕೇಳಿದ, "ಅಜ್ಜ, ಇದನ್ನ ಕಂಡುಹಿಡಿದಿದ್ದು ಯಾರು?" ಮೇಸ್ತ್ರಿ, "ಯಾರೋ ದೊರೆ ಇರಬೇಕು ಬಿಡು" ಅಂದರು. ನಾನು ಎಸ್ಸೆಸ್ಸೆಲ್ಸಿಗೆ ನಿಂತವನು, ನನಗೂ ಗೊತ್ತಿರಲಿಲ್ಲ. ಬೇರಿಂಗು ಬರಲು ಎಂಟು ದಿನ ಕಾಯಬೇಕಿತ್ತು. ಆ ಎಂಟು ದಿನ ಮೊಬೈಲಿನಲ್ಲಿ ಹುಡುಕಿ ಹುಡುಕಿ ಓದಿದೆ. ದೊರೆ ಅಲ್ಲ ಮಾರಾಯ್ರೆ. ಒಬ್ಬ ಗಡಿಯಾರ ಮಾಡುವವನು, ಒಬ್ಬ ಬೇಸಾಯಗಾರ, ಮನೆ ಬಿಟ್ಟು ಓಡಿಹೋದ ಒಬ್ಬ ರೈತನ ಮಗ. ಈ ಮೂವರ ಕೈ ಇದರಲ್ಲಿದೆ.

ಮೊದಲು ಎತ್ತಿನ ಗಾಡಿ ನೆನಪು ಮಾಡಿಕೊಳ್ಳಿ. ಗಾಡಿಯ ಅಚ್ಚು ತಿರುಗೋದಿಲ್ಲ. ಅಚ್ಚಿನ ತುದಿಯಲ್ಲಿ ಗಾಲಿ ತಿರುಗುತ್ತೆ, ಅದು ಬೀಳದ ಹಾಗೆ ಕಡೆಗೀಲು. ಎಡ ಬಲ ಎರಡು ಗಾಲಿಗೂ ಸಂಬಂಧವೇ ಇಲ್ಲ. ಗಾಡಿ ತಿರುಗಿಸುವಾಗ ಹೊರಗಿನ ಗಾಲಿ ಜಾಸ್ತಿ ಉರುಳುತ್ತೆ, ಒಳಗಿನದು ಕಮ್ಮಿ. ಯಾಕೆ ತೊಂದರೆ ಇಲ್ಲ ಅಂದ್ರೆ ಎಳೆಯುವುದು ಎತ್ತು, ಗಾಲಿ ಅಲ್ಲ. ಗಾಲಿ ಬರೀ ಹಿಂದೆ ಬರುವ ಗಿರಾಕಿ.

ಗಾಲಿಯೇ ದುಡಿಯಬೇಕು ಅಂದ ದಿನದಿಂದ ರಗಳೆ ಶುರು. ದುಡಿಸಬೇಕಾದರೆ ಅಚ್ಚನ್ನು ತಿರುಗಿಸಬೇಕು, ಗಾಲಿಯನ್ನು ಅಚ್ಚಿಗೆ ಬಿಗಿಯಬೇಕು. ಎರಡನ್ನೂ ಬಿಗಿದರೆ ಎರಡೂ ಒಂದೇ ಸಮ ಸುತ್ತಬೇಕು. ತಿರುವಿನಲ್ಲಿ ಎರಡರ ದಾರಿ ಒಂದೇ ಅಲ್ಲವಲ್ಲ! ಎಷ್ಟು ವ್ಯತ್ಯಾಸ ಅಂತ ಹುಡುಗ ಲೆಕ್ಕ ಹಾಕಿ ತೋರಿಸಿದ. ಜೀಪಿನ ಎಡ ಬಲ ಗಾಲಿಗಳ ನಡುವೆ ಸುಮಾರು ನಾಲ್ಕು ಅಡಿ. ಪೂರ್ತಿ ಹಿಂದಕ್ಕೆ ತಿರುಗಿದರೆ ಹೊರಗಿನ ಗಾಲಿ ಒಳಗಿನದಕ್ಕಿಂತ ನಾಲ್ಕರ 3.14 ಪಟ್ಟು, ಅಂದರೆ ಹನ್ನೆರಡೂವರೆ ಅಡಿ ಜಾಸ್ತಿ ಓಡಬೇಕು. ತಿರುವು ಸಣ್ಣದಿರಲಿ ದೊಡ್ಡದಿರಲಿ, ಇಷ್ಟೇ. ಆಗುಂಬೆ ಘಾಟಿಯಲ್ಲಿ ಇಂಥ 14 ತಿರುವು. ಗಾಲಿ ಬಿಗಿದಿದ್ದರೆ ಪ್ರತಿ ತಿರುವಿನಲ್ಲೂ ಆ ಅಂತರವನ್ನು ಟೈರು ಉಜ್ಜಿಯೇ ತೀರಿಸಬೇಕು, ಇಲ್ಲವೇ ಅಚ್ಚು ತಿರುಚಿಕೊಳ್ಳಬೇಕು.

ರೈಲಿಗೆ ಈ ಕಷ್ಟ ಇಲ್ಲವಾ ಅಂತ ಕೇಳಬಹುದು. ರೈಲಿನ ಗಾಲಿ ಅಚ್ಚಿಗೆ ಬಿಗಿದೇ ಇರುತ್ತೆ. ಆದರೆ ಆ ಗಾಲಿಯ ಅಂಚು ಚಪ್ಪಟೆ ಅಲ್ಲ, ಓರೆ. ತಿರುವಿನಲ್ಲಿ ಅಚ್ಚು ಸ್ವಲ್ಪ ಹೊರಕ್ಕೆ ಸರಿದು ಹೊರಗಿನ ಗಾಲಿ ದಪ್ಪ ಭಾಗದ ಮೇಲೆ, ಒಳಗಿನದು ಸಣ್ಣ ಭಾಗದ ಮೇಲೆ ಉರುಳುತ್ತೆ. ಹಳಿ ಇರೋದರಿಂದ ಆ ಉಪಾಯ ನಡೀತು. ರಸ್ತೆಗೆ ಅದು ನಡೆಯೋದಿಲ್ಲ.

ರಸ್ತೆ ಮೇಲೆ ಉಗಿಯಿಂದ ಓಡಿದ ಹಳೇ ಗಾಡಿ ಫ್ರಾನ್ಸಿನ ಕ್ಯೂನ್ಯೋ ಅನ್ನುವವನದ್ದು. 1769-70ರ ಹೊತ್ತು, ಫಿರಂಗಿ ಎಳೆಯೋಕೆ ಅಂತ ಮಾಡಿದ್ದು. ಅವನು ಈ ತಾಪತ್ರಯಕ್ಕೇ ಹೋಗಲಿಲ್ಲ. ಮೂರು ಗಾಲಿ ಇಟ್ಟು ಮುಂದಿನ ಒಂದೇ ಗಾಲಿಗೆ ಉಗಿಯ ಬಲ ಕೊಟ್ಟ. ಒಂದೇ ಗಾಲಿ ಆದರೆ ಜಗಳ ಯಾರ ಜೊತೆ? ಆ ಗಾಡಿ ಪ್ಯಾರಿಸಿನ 'ಕಾನ್ಸರ್ವೇಟ್ವಾರ್' ಎಂಬ ಯಂತ್ರ ಕಲೆಗಳ ಸಂಸ್ಥೆಗೆ ಸೇರಿತು, ಇವತ್ತಿಗೂ ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಇದೆ.

ಅದೇ ಸಂಸ್ಥೆಯಲ್ಲಿ ಮುಂದೆ ಕೆಲಸ ಮಾಡಿದವನು ಒನೆಸಿಫೋರ್ ಪೆಕ್ಕರ್. ಕಸುಬಿನಿಂದ ಗಡಿಯಾರದವನು. 1827-28ರ ಹೊತ್ತಿಗೆ ತನ್ನ ಉಗಿ ಬಂಡಿಗೆ ಅಂತ ಅವನು ಪೇಟೆಂಟ್ ಮಾಡಿಸಿದ ಹಲ್ಲುಚಕ್ರದ ಜೋಡಣೆಯೇ ನಮ್ಮ ಜೀಪಿನ ಹೊಟ್ಟೆಯಲ್ಲಿರುವ ಡಿಫರೆನ್ಷಿಯಲ್ಲಿನ ಅಜ್ಜ.

ಗಡಿಯಾರದವನಿಗೆ ಗಾಡಿಯ ಬುದ್ಧಿ ಹೇಗೆ ಬಂತು? ಇದನ್ನು ಓದಿದಾಗ ನನಗೆ ಬಹಳ ಖುಷಿ ಆಯ್ತು. ಸೂರ್ಯ ದಿನಾ ಒಂದೇ ಹೊತ್ತಿಗೆ ನೆತ್ತಿಗೆ ಬರೋದಿಲ್ಲ. ನೆರಳು ನೋಡಿ ಹೊತ್ತು ಹೇಳುತ್ತಿದ್ದ ನಮ್ಮ ಹಿರಿಯರ ಲೆಕ್ಕಕ್ಕೂ ಗಡಿಯಾರಕ್ಕೂ ಒಂದೇ ಊರಿನಲ್ಲಿ ವರ್ಷದ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಅಂತರ. ಸರಾಸರಿಗಿಂತ ಸೂರ್ಯ ನವೆಂಬರ್ ಮೊದಲಲ್ಲಿ 16 ನಿಮಿಷ ಮುಂದೆ, ಫೆಬ್ರುವರಿ ನಡುವೆ 14 ನಿಮಿಷ ಹಿಂದೆ. ಹಿಂದಿನ ಕಾಲದ ದೊಡ್ಡ ಗಡಿಯಾರದವರಿಗೆ ಎರಡೂ ಹೊತ್ತನ್ನು ತೋರಿಸುವ ಹಟ. ಒಂದು ಕಡೆ ಸಮ ಓಟದ ಚಕ್ರ, ಇನ್ನೊಂದು ಕಡೆ ವರ್ಷವಿಡೀ ಹಿಂದೆ ಮುಂದೆ ಆಡುವ ಚಕ್ರ. ಈ ಎರಡನ್ನೂ ಕೂಡಿ ಕಳೆದು ಒಂದು ಮುಳ್ಳಿಗೆ ಕೊಡಬೇಕು. ಅದಕ್ಕೆ ಲಂಡನ್ನಿನ ಜೋಸೆಫ್ ವಿಲಿಯಮ್ಸನ್ 1720ರಲ್ಲೇ ಡಿಫರೆನ್ಷಿಯಲ್ ಗೇರು ಬಳಸಿದ್ದ. ಎರಡು ಓಟ ಕೂಡಿ ಒಂದು ಮಾಡುವ ಯಂತ್ರವನ್ನು ತಿರುಗಿಸಿ ಇಟ್ಟರೆ ಒಂದು ಓಟವನ್ನು ಎರಡು ಗಾಲಿಗೆ ಹಂಚುವ ಯಂತ್ರ. ಸೂರ್ಯನಿಗೂ ಗಡಿಯಾರಕ್ಕೂ ರಾಜಿ ಮಾಡಿಸಿದ ಹಲ್ಲುಗಳೇ ಎಡಗಾಲಿಗೂ ಬಲಗಾಲಿಗೂ ರಾಜಿ ಮಾಡಿಸಿದವು.

ಒಳಗೆ ಏನಿದೆ ಅಂತ ಹೇಳ್ತೇನೆ. ದೊಡ್ಡ ಕ್ರೌನ್ ಚಕ್ರಕ್ಕೆ ಒಂದು ಗೂಡು ಬೋಲ್ಟ್ ಆಗಿರುತ್ತೆ. ಗೂಡಿನೊಳಗೆ ಎಡ ಎಕ್ಸೆಲ್ಲಿಗೆ ಒಂದು, ಬಲ ಎಕ್ಸೆಲ್ಲಿಗೆ ಒಂದು ಸೈಡ್ ಗೇರು. ಅವೆರಡರ ನಡುವೆ ಅಡ್ಡ ಪಿನ್ನಿನ ಮೇಲೆ ಸಣ್ಣ ಚಕ್ರಗಳು, ನಮ್ಮ ಕಡೆ ಸ್ಟಾರ್ ಪಿನಿಯನ್ ಅಂತಾರೆ. ನೇರ ದಾರಿಯಲ್ಲಿ ಸ್ಟಾರು ತನ್ನ ಪಿನ್ನಿನ ಮೇಲೆ ತಿರುಗೋದೇ ಇಲ್ಲ, ಗೂಡಿನ ಜೊತೆ ಸುಮ್ಮನೆ ಸುತ್ತುತ್ತಾ ಎರಡೂ ಗೇರನ್ನು ತಳ್ಳುತ್ತೆ. ತಿರುವು ಬಂದಾಗ ಮಾತ್ರ ಅದು ಉರುಳಿ ಒಂದು ಕಡೆ ಕಳೆದದ್ದನ್ನು ಇನ್ನೊಂದು ಕಡೆ ಕೂಡುತ್ತೆ. ಕ್ರೌನ್ ಹತ್ತು ಸುತ್ತು ಬಂದರೆ ಹೊರಗಿನದು ಹನ್ನೊಂದು, ಒಳಗಿನದು ಒಂಬತ್ತು. ಮೊತ್ತ ಯಾವಾಗಲೂ ಇಪ್ಪತ್ತೇ. ಸುತ್ತು ಹೆಚ್ಚು ಕಮ್ಮಿ, ಆದರೆ ತಳ್ಳುವ ಬಲ ಇಬ್ಬರಿಗೂ ಸಮ.

ಪೆಕ್ಕರನ ಉಪಾಯ ಕೂಡಲೇ ಹಬ್ಬಲಿಲ್ಲ. 1832ರಲ್ಲಿ ಮ್ಯಾಂಚೆಸ್ಟರಿನ ರಿಚರ್ಡ್ ರಾಬರ್ಟ್ಸ್ ತನ್ನದೊಂದು ಪೇಟೆಂಟ್ ಪಡೆದ. ನೂಲುವ ಯಂತ್ರ ಮಾಡಿ ಹೆಸರಾದವನು ಅವನು. ಆದರೆ ಇದಕ್ಕೆ ನಿಜವಾಗಿ ಹೊಟ್ಟೆಪಾಡಿನ ಕೆಲಸ ಸಿಕ್ಕಿದ್ದು ಹೊಲದಲ್ಲಿ.

ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಥಾಮಸ್ ಏವ್ಲಿಂಗ್ ಅಂತ ಒಬ್ಬ ಬೇಸಾಯಗಾರ. ಆಗ ಕಾಳು ಬಡಿಯುವ ಯಂತ್ರಕ್ಕೆ ಉಗಿ ಇಂಜಿನ್ ಬಂದಿತ್ತು. ಆ ಇಂಜಿನ್ನನ್ನು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಎಳೆಯೋದು ಕುದುರೆಗಳು! ಅಷ್ಟು ಬಲ ಇರುವ ಇಂಜಿನ್ ಕುದುರೆ ಹಿಂದೆ ಕೂತು ಹೋಗೋದನ್ನು ನೋಡಿ ಅವನಿಗೆ ತಡೆಯಲಿಲ್ಲ. 1850ರ ದಶಕದ ಕೊನೆಗೆ ಇಂಜಿನ್ನಿಗೆ ಸರಪಳಿ ಹಾಕಿ ಅದರ ಗಾಲಿಯನ್ನು ಅದೇ ತಿರುಗಿಸುವ ಹಾಗೆ ಮಾಡಿದ. ನಮ್ಮ ಟ್ರ್ಯಾಕ್ಟರಿನ ಹಿರಿಯರಲ್ಲಿ ಅದೂ ಒಂದು.

ಆ ಕಾಲದ ಇಂಜಿನ್ನುಗಳಲ್ಲಿ ಗಾಲಿಯನ್ನು ಅಚ್ಚಿಗೆ ಸೇರಿಸಲು ಒಂದು ಪಿನ್ನು. ಗಿಡ್ಡ ತಿರುವು ಬಂದರೆ ಆಳು ಕೆಳಗಿಳಿದು ಒಂದು ಗಾಲಿಯ ಪಿನ್ನು ಕೀಳಬೇಕು, ಆ ಗಾಲಿ ಗಾಡಿ ಗಾಲಿಯ ಹಾಗೆ ಸಡಿಲ ಆಗುತ್ತೆ. ತಿರುಗಿಸಿ ಆದಮೇಲೆ ಮತ್ತೆ ಪಿನ್ನು ಹೊಡೆಯಬೇಕು. ಮಳೆಯಲ್ಲಿ, ಕೆಸರಿನಲ್ಲಿ, ಇಳಿಜಾರಿನಲ್ಲಿ. ಆ ಆಳಿನ ಗತಿ ಯೋಚನೆ ಮಾಡಿ. ಇಳಿಜಾರಿನಲ್ಲಿ ಗಾಲಿಗೂ ಇಂಜಿನ್ನಿಗೂ ಸಂಬಂಧ ತಪ್ಪಿದರೆ ಏನಾಗುತ್ತೆ ಅಂತ ನನಗೆ ಈಗ ಯಾರೂ ಹೇಳಿಕೊಡಬೇಕಾಗಿಲ್ಲ. 1870ರ ದಶಕದಲ್ಲಿ ಏವ್ಲಿಂಗನ ಕಂಪನಿ ತನ್ನ ಇಂಜಿನ್ನಿನ ಹಿಂದಿನ ಅಚ್ಚಿಗೆ ಡಿಫರೆನ್ಷಿಯಲ್ ಕೂರಿಸಿ ಮಾರತೊಡಗಿತು. ಪಿನ್ನು ಕೀಳುವ ಕೆಲಸ ಹಲ್ಲುಚಕ್ರಕ್ಕೆ ಹೋಯ್ತು.

ಮನೆ ಬಿಟ್ಟು ಓಡಿದ ರೈತನ ಮಗ ಅಂದೆನಲ್ಲ, ಅವನು ಜೇಮ್ಸ್ ಸ್ಟಾರ್ಲಿ. 1830ರಲ್ಲಿ ಸಸೆಕ್ಸಿನ ಒಂದು ಹಳ್ಳಿಯಲ್ಲಿ ಹುಟ್ಟಿದವನು. ಹುಡುಗನಿದ್ದಾಗಲೇ ಅಪ್ಪನ ಹೊಲದಲ್ಲಿ ದುಡಿದ, ಹದಿಹರೆಯದಲ್ಲಿ ಓಡಿಹೋದ, ಒಬ್ಬ ಸಾಹುಕಾರನ ತೋಟದಲ್ಲಿ ಮಾಲಿಯಾದ. ಬಿಡುವಿನಲ್ಲಿ ಗಡಿಯಾರ ರಿಪೇರಿ, ಆಮೇಲೆ ಹೊಲಿಗೆ ಯಂತ್ರ, ಆಮೇಲೆ ಕಾವೆಂಟ್ರಿ ಊರಿನಲ್ಲಿ ಸೈಕಲ್. ಇಬ್ಬರು ಅಕ್ಕಪಕ್ಕ ಕೂತು ತುಳಿಯುವ ಸೈಕಲ್ ಒಂದು ಮಾಡಿದ, ಒಬ್ಬೊಬ್ಬರದ್ದು ಒಂದೊಂದು ಗಾಲಿ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಹರೆಯದ ಮಗ. ಮಗ ಜೋರಾಗಿ ತುಳಿದ, ಸೈಕಲ್ ತಿರುಗಿ ಇಬ್ಬರೂ ತುರಿಕೆ ಗಿಡದ ಪೊದೆಗೆ ಬಿದ್ದರು ಅಂತ ಕತೆ ಹೇಳ್ತಾರೆ. ಕತೆ ಎಷ್ಟು ನಿಜವೋ, 1877ರಲ್ಲಿ ಅವನು ಮೂರು ಗಾಲಿ ಸೈಕಲ್ಲಿಗೆ ಡಿಫರೆನ್ಷಿಯಲ್ ಹಾಕಿದ್ದು ನಿಜ. 1881ರಲ್ಲಿ ವಿಕ್ಟೋರಿಯಾ ರಾಣಿಯೇ ಅವನ ಸೈಕಲ್ ತರಿಸಿಕೊಂಡಳು. ಅದೇ ವರ್ಷ ಅವನು ತೀರಿಕೊಂಡ.

ಸೈಕಲ್ಲಿನಿಂದ ಕಾರಿಗೆ ದೂರ ಇರಲಿಲ್ಲ. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಕಾರು ನೋಡಲು ಮೂರು ಗಾಲಿ ಸೈಕಲ್ಲಿನ ಹಾಗೇ ಇತ್ತು. ಅದರಲ್ಲೂ ಡಿಫರೆನ್ಷಿಯಲ್ ಇತ್ತು, ಅಲ್ಲಿಂದ ಗಾಲಿಗೆ ಚೈನು. ಚೈನು ಬಿಟ್ಟು ಉದ್ದ ಶಾಫ್ಟಿನಲ್ಲಿ ಹಿಂದಿನ ಅಚ್ಚಿಗೆ ಬಲ ಒಯ್ಯುವ ದಾರಿಯನ್ನು 1898ರಲ್ಲಿ ಫ್ರಾನ್ಸಿನ ಲೂಯಿ ರೆನೋ ತೋರಿಸಿದ. ನಮ್ಮ ಜೀಪು, ಅಂಬಾಸಿಡರು ಎಲ್ಲ ಅದೇ ದಾರಿಯವು.

ಇನ್ನು ಕ್ರೌನ್ ಪಿನಿಯನ್. ನಮ್ಮ ಜೀಪಿನಲ್ಲಿ ಮುರಿದದ್ದು ಇದೇ. ಅಮೆರಿಕದ ರೋಚೆಸ್ಟರ್ ಊರಿನಲ್ಲಿ ವಿಲಿಯಂ ಗ್ಲೀಸನ್ ಅನ್ನುವವನು 1874ರಲ್ಲಿ ಇಂಥ ಓರೆ ಹಲ್ಲು ಕೊರೆಯುವ ಯಂತ್ರ ಮಾಡಿದ. ತಮಾಷೆ ಅಂದ್ರೆ ಏವ್ಲಿಂಗನ ಕಾರ್ಖಾನೆ ಇದ್ದದ್ದೂ ರೋಚೆಸ್ಟರಿನಲ್ಲೇ, ಅದು ಇಂಗ್ಲೆಂಡಿನದ್ದು. ಗ್ಲೀಸನ್ ಕಂಪನಿ 1920ರ ದಶಕದಲ್ಲಿ ಹೈಪಾಯ್ಡ್ ಅನ್ನುವ ಹಲ್ಲು ತಂದಿತು. 1926-27ರಲ್ಲಿ ಪ್ಯಾಕಾರ್ಡ್ ಕಾರಿಗೆ ಅದು ಬಂತು. ಇದರಲ್ಲಿ ಪಿನಿಯನ್ ಕ್ರೌನಿನ ನಡುಮಟ್ಟದಲ್ಲಿ ಇರೋದಿಲ್ಲ, ಕೆಳಗೆ ಇರುತ್ತೆ. ಶಾಫ್ಟ್ ತಗ್ಗುತ್ತೆ, ಕಾರಿನ ನೆಲ ತಗ್ಗುತ್ತೆ, ಹಲ್ಲಿನ ಹಿಡಿತ ದೊಡ್ಡದಾಗುತ್ತೆ.

ಆದರೆ ಅದಕ್ಕೊಂದು ಬೆಲೆ ಇದೆ. ಹೈಪಾಯ್ಡ್ ಹಲ್ಲು ಬರೀ ಉರುಳೋದಿಲ್ಲ, ಒಂದರ ಮೇಲೊಂದು ಒತ್ತಿ ಜಾರುತ್ತೆ. ಸಾದಾ ಎಣ್ಣೆ ಆ ಒತ್ತಡಕ್ಕೆ ನಿಲ್ಲೋದಿಲ್ಲ, ಕಬ್ಬಿಣಕ್ಕೆ ಕಬ್ಬಿಣ ತಾಗುತ್ತೆ. ಗಂಧಕದ ಅಂಶ ಸೇರಿಸಿದ ಎಣ್ಣೆಯೇ ಬೇಕು. 90 ನಂಬರಿನ ಗೇರ್ ಆಯಿಲ್ ಡಬ್ಬಿ ತೆರೆದರೆ ಮೂಗಿಗೆ ಬಡಿಯುವ ನಾತ ಅದೇ. ಡಬ್ಬಿ ಮೇಲೆ 'ಇ.ಪಿ.' ಅಂತ ಇರೋದು ಅದಕ್ಕೇ.

ಈಗ ನನ್ನ ತಪ್ಪು ಹೇಳ್ತೇನೆ. ಹೌಸಿಂಗಿನ ಕವರ್ ಬಿಚ್ಚಿದಾಗ ಬಂದದ್ದು ಎಣ್ಣೆ ಅಲ್ಲ, ಹಾಲು ಹಾಕಿದ ಕಾಫಿ. ಮಳೆಗಾಲವಿಡೀ ಹಳ್ಳ ದಾಟಿಸ್ತೇವಲ್ಲ, ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದ ಕೂಡಲೆ ಒಳಗಿನ ಗಾಳಿ ಕುಗ್ಗಿ ಹಳೇ ಸೀಲಿನ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತೆ. ನಾಲ್ಕು ವರ್ಷ ಆ ಎಣ್ಣೆ ನಾನು ನೋಡಿಯೇ ಇರಲಿಲ್ಲ. ಆರು ತಿಂಗಳಿಂದ 'ಊಂ' ಅಂತ ಅಳ್ತಾ ಇತ್ತು, ಟೈರಿನ ಶಬ್ದ ಅಂದುಕೊಂಡು ಸುಮ್ಮನಿದ್ದೆ. ಬೇರಿಂಗು ತುಕ್ಕು ಹಿಡಿದು ಸಡಿಲ ಆಗಿ, ಪಿನಿಯನ್ ಓಲಾಡಿ, ಹಲ್ಲಿನ ತುದಿ ಮೇಲೆ ಭಾರ ಬಿದ್ದು ಮುರಿದಿದೆ. ಮೇಸ್ತ್ರಿ ಮುರಿದ ಚೂರನ್ನು ಬೆರಳಲ್ಲಿ ಸವರಿ ಹೇಳಿದ್ದು ಒಂದೇ ಮಾತು: "ಇದು ಒಂದು ದಿನದಲ್ಲಿ ಮುರಿದದ್ದಲ್ಲ ಮಗಾ."

ಜೀಪಿನ ಚರಿತ್ರೆ ನಿಮಗೆ ಗೊತ್ತೇ ಇದೆ. ಎರಡನೇ ಮಹಾಯುದ್ಧಕ್ಕೆ ಅಮೆರಿಕದ ವಿಲ್ಲಿಸ್ ಕಂಪನಿ 1941ರಿಂದ ಲೆಕ್ಕವಿಲ್ಲದಷ್ಟು ಮಾಡಿತು. 1947ರಿಂದ ಮಹೀಂದ್ರದವರು ಬೊಂಬಾಯಿಯಲ್ಲಿ ಜೋಡಿಸತೊಡಗಿದರು. ಯುದ್ಧದ ಗಾಡಿ ಆದ್ದರಿಂದ ಎಲ್ಲಿ ಬೇಕಾದರೂ ಬಿಚ್ಚಿ ಕಟ್ಟುವ ಹಾಗಿದೆ. ಹಾಗಾಗಿಯೇ ನಮ್ಮ ಕೊಟ್ಟಿಗೆ ಪಕ್ಕದಲ್ಲೂ ಆಯ್ತು.

ಹುಡುಗ ಹಲ್ಲು ಎಣಿಸಿದ. ಕ್ರೌನಿಗೆ 43, ಪಿನಿಯನ್ನಿಗೆ 8. ಸುಲಭಕ್ಕೆ 40 ಮತ್ತು 8 ಇಡಬಹುದಿತ್ತಲ್ಲ ಅಂತ ಕೇಳಿದೆ. ಹಾಗಿಟ್ಟರೆ ಪಿನಿಯನ್ನಿನ ಒಂದು ಹಲ್ಲು ಯಾವಾಗಲೂ ಕ್ರೌನಿನ ಅದೇ ಐದು ಹಲ್ಲಿಗೆ ಬಡಿಯುತ್ತೆ, ಒಂದರ ದೋಷ ಅಲ್ಲೇ ಗುಂಡಿ ತೋಡುತ್ತೆ. 43 ಇಟ್ಟರೆ ಪ್ರತಿ ಹಲ್ಲೂ ಎದುರಿನ ಎಲ್ಲಾ ಹಲ್ಲನ್ನೂ ಭೇಟಿ ಮಾಡಿ ಬರಬೇಕು, ಸವೆತ ಎಲ್ಲರಿಗೂ ಹಂಚಿಹೋಗುತ್ತೆ. ಕ್ರೌನ್ ಪಿನಿಯನ್ ಎರಡನ್ನೂ ಜೊತೆಯಲ್ಲೇ ಉಜ್ಜಿ ಜೋಡಿ ಮಾಡಿರ್ತಾರೆ. ಹಾಗಾಗಿ ಒಂದು ಮುರಿದರೂ ಎರಡನ್ನೂ ಹಾಕಬೇಕು. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೆತ್ತಿರುತ್ತೆ, ನೋಡಿ ತಗೊಳ್ಳಿ.

ಕಟ್ಟುವ ಕೆಲಸದಲ್ಲಿ ಬಲ ಬೇಡ, ತಾಳ್ಮೆ ಬೇಕು. ಬೇರಿಂಗ್ ಕ್ಯಾಪುಗಳನ್ನು ಬಿಚ್ಚುವ ಮೊದಲೇ ಎಡ ಬಲ ಅಂತ ಪಂಚಿನಲ್ಲಿ ಚುಕ್ಕಿ ಹೊಡೆಸಿದರು, ಅದು ಅದಲು ಬದಲಾದರೆ ಕೆಲಸ ಕೆಟ್ಟಿತು. ಪಿನಿಯನ್ ಎಷ್ಟು ಒಳಗೆ ಕೂರಬೇಕು, ಕ್ರೌನ್ ಎಷ್ಟು ಪಕ್ಕಕ್ಕೆ ಸರಿಯಬೇಕು ಅನ್ನೋದನ್ನು ಕಾಗದದಷ್ಟು ತೆಳು ಶಿಮ್ ಇಟ್ಟು ತೆಗೆದು ಸರಿ ಮಾಡೋದು. ಹಲ್ಲು ಹಲ್ಲಿನ ನಡುವಿನ ಪ್ಲೇ ಐದಾರು ಥೌ. ಒಂದು ಥೌ ಅಂದರೆ ಇಂಚನ್ನು ಸಾವಿರ ಭಾಗ ಮಾಡಿದ್ದರಲ್ಲಿ ಒಂದು. ನಾನು ಡಯಲ್ ಗೇಜ್ ಓದುವ ಮೊದಲೇ ಮೇಸ್ತ್ರಿ ಕ್ರೌನನ್ನು ಕೈಯಲ್ಲಿ ಅಲುಗಿಸಿ, 'ಟಿಕ್' ಶಬ್ದ ಕೇಳಿ, "ಜಾಸ್ತಿ ಇದೆ, ಒಂದು ಶಿಮ್ ಆ ಕಡೆಗೆ ಹಾಕು" ಅನ್ನೋರು. ಗೇಜಿನಲ್ಲಿ ನೋಡಿದರೆ ಒಂಬತ್ತು.

ಆಮೇಲೆ ಹಲ್ಲಿನ ಗುರುತು ನೋಡೋದು. ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಕ್ರೌನಿನ ಐದಾರು ಹಲ್ಲಿಗೆ ತೆಳ್ಳಗೆ ಬಳಿದು ತಿರುಗಿಸಬೇಕು. ಹಿಂದೆ ಆಂಜನೇಯನಿಗೆ ಹಚ್ಚುತ್ತಿದ್ದ ಸೀಸದ ಸಿಂಧೂರವೇ ವರ್ಕ್‌ಶಾಪಿನ ರೆಡ್ ಲೆಡ್. ವಿಷ ಅದು, ಕೈ ತೊಳೆದೇ ಊಟ ಮಾಡಿ. ಪಿನಿಯನ್ ತಾಗಿದಲ್ಲಿ ಬಣ್ಣ ಅಳಿಸಿ ಗುರುತು ಬೀಳುತ್ತೆ. ಗುರುತು ಹಲ್ಲಿನ ಬುಡದಲ್ಲಿದ್ದರೆ ಪಿನಿಯನ್ ಜಾಸ್ತಿ ಒಳಗೆ, ತುದಿಯಲ್ಲಿದ್ದರೆ ಜಾಸ್ತಿ ಹೊರಗೆ. ನಡುವೆ ಬರಬೇಕು. ನಮಗೆ ನಡುವೆ ಬಂದದ್ದು ಏಳನೇ ಸಲಕ್ಕೆ. ಪ್ರತಿ ಸಲವೂ ಪಿನಿಯನ್ ಬಿಚ್ಚಿ ಹಾಕಬೇಕು. ಐದನೇ ಸಲಕ್ಕೆ ನಾನು "ಸಾಕು ಅಜ್ಜ, ಓಡುತ್ತೆ" ಅಂದೆ. ಅವರು ಏನೂ ಹೇಳಲಿಲ್ಲ, ಕುರ್ಚಿಯಿಂದ ಏಳಲೂ ಇಲ್ಲ. ಮತ್ತೆ ಬಿಚ್ಚಿದೆ.

ಎಲ್ಲ ಕಟ್ಟಿ, ಎರಡೂ ಗಾಲಿ ಎತ್ತರದಲ್ಲಿರುವಾಗಲೇ ಗೇರಿಗೆ ಹಾಕಿ ಎಡಗಾಲಿಯನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿದೆ. ಬಲಗಾಲಿ ಹಿಂದಕ್ಕೆ ತಿರುಗಿತು. ಕ್ರೌನ್ ನಿಂತಿದೆ, ಮೊತ್ತ ಸೊನ್ನೆ, ಹಾಗಾಗಿ ಒಂದು ಮುಂದೆ ಒಂದು ಹಿಂದೆ. ಇನ್ನೂರು ವರ್ಷದ ಹಿಂದಿನ ಗಡಿಯಾರದವನ ಲೆಕ್ಕ ನಮ್ಮ ಮಾಡಿನಡಿ ಸರಿಬಂತು. ಹುಡುಗ ಸಣ್ಣ ಮಗುವಿನ ಹಾಗೆ ಹತ್ತು ಸಲ ತಿರುಗಿಸಿ ನೋಡಿದ.

ಈ ಯಂತ್ರಕ್ಕೆ ಒಂದು ದೌರ್ಬಲ್ಯವೂ ಇದೆ. ಇಬ್ಬರಿಗೂ ಸಮ ಬಲ ಅಂದೆನಲ್ಲ, ಒಂದು ಗಾಲಿ ಕೆಸರಿನಲ್ಲಿ ಹಿಡಿತ ತಪ್ಪಿದರೆ ಅದಕ್ಕೆ ಬೇಕಾದ ಬಲ ಎಷ್ಟು ಕಮ್ಮಿಯೋ ಗಟ್ಟಿ ನೆಲದಲ್ಲಿರುವ ಗಾಲಿಗೂ ಅಷ್ಟೇ ಸಿಗುತ್ತೆ. ಒಂದು ಗಿರಗಿರ ತಿರುಗುತ್ತೆ, ಇನ್ನೊಂದು ಸುಮ್ಮನೆ ನಿಂತಿರುತ್ತೆ. ಟ್ರ್ಯಾಕ್ಟರಿನಲ್ಲಿ ಡಿಫರೆನ್ಷಿಯಲ್ ಲಾಕ್ ಪೆಡಲ್ ಇರೋದು ಇದಕ್ಕೇ. ತುಳಿದರೆ ಎರಡೂ ಗಾಲಿ ಹಳೇ ಕಾಲದ ಬಿಗಿದ ಗಾಲಿಯ ಹಾಗೆ ಒಂದಾಗುತ್ತೆ. ನೇರ ಹೋಗುವಾಗ ಮಾತ್ರ ತುಳಿಯಿರಿ, ತಿರುಗಿಸುವ ಮೊದಲು ಬಿಟ್ಟುಬಿಡಿ. ಇನ್ನೊಂದು, ಒಂದೇ ಗಾಲಿಗೆ ಜಾಕ್ ಕೊಟ್ಟು ಗೇರಿಗೆ ಹಾಕಿ ಇಂಜಿನ್ ಓಡಿಸಬೇಡಿ. ಎತ್ತಿದ ಗಾಲಿ ಎರಡರಷ್ಟು ವೇಗದಲ್ಲಿ ಸುತ್ತುತ್ತೆ, ಜಾಕ್ ಜಾರಿದರೆ ಗಾಡಿ ಮೈಮೇಲೆ ಬರುತ್ತೆ.

ಹೋದ ಭಾನುವಾರ ಜೀಪು ಹೊರಟಿತು. ಮೇಸ್ತ್ರಿ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ ಹಿಂದಿನ ಶಬ್ದಕ್ಕೆ ಕಿವಿ ಕೊಟ್ಟರು. ಏರು ಹತ್ತಿ ಮೇಲೆ ಬಂದಾಗ, "ಹೂಂ" ಅಂದರು. ಅಷ್ಟೇ. ಹುಡುಗ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾನೆ, ಯಾವ ಕಡೆಗೆ ಎಷ್ಟು ಶಿಮ್ ಅನ್ನೋದು ಸಮೇತ. ಮುಂದಿನ ಸಲಕ್ಕೆ ನಾನಿರ್ತೇನೋ ಇಲ್ಲವೋ, ನೋಟ್‌ಬುಕ್ ಇರುತ್ತೆ.

ಸೋಮವಾರ ಪೇಟೆಗೆ ಹೋಗಿ ಬರುವಾಗ ಆ ಇಬ್ಬರು ಹೆಂಗಸರು ಏರಿನ ಬುಡದಲ್ಲೇ ಇಳಿದರು, "ನೀವು ಹೋಗಿ ಅಯ್ಯಾ, ನಾವು ನಡೆದು ಬರ್ತೇವೆ" ಅಂದರು. ನಾನು ಏನೂ ಹೇಳಲಿಲ್ಲ. ಹೇಳುವ ಮುಖ ನನಗಿರಲಿಲ್ಲ. ಮಂಗಳವಾರವೂ ಇಳಿದರು. ಗುರುವಾರ ಮಳೆ ಜೋರಿತ್ತು, ಇಳಿಯಲಿಲ್ಲ.

ಮುಂದಿನ ಶಾಫ್ಟನ್ನೂ ಮತ್ತೆ ಹಾಕಿದ್ದೇನೆ. ನಿಮ್ಮ ಗಾಡಿ ಹಳ್ಳ ದಾಟುವುದಾದರೆ ಮಳೆಗಾಲ ಮುಗಿದ ಕೂಡಲೆ ಹೌಸಿಂಗಿನ ಎಣ್ಣೆ ಸ್ವಲ್ಪ ಇಳಿಸಿ ನೋಡಿ. ಕಾಫಿ ಬಣ್ಣ ಇದ್ದರೆ ಪೂರ್ತಿ ಬದಲಾಯಿಸಿ. ಖರ್ಚು ಹೆಚ್ಚಿಲ್ಲ. ಅಳುವ ಶಬ್ದ ಬಂದರೆ ಟೈರಿನದು ಅಂದುಕೊಂಡು ಸುಮ್ಮನಿರಬೇಡಿ. ನಾನು ಸುಮ್ಮನಿದ್ದೆ.